ಹದಿನೈದು ನಿಮಿಷದ ಪರದೇಶ

ಗೋರಖಪುರದಲ್ಲಿ ರೈಲಿನಿಂದ ಇಳಿದಾಗ ಬೆಳಗಿನ ನಾಲ್ಕೂ ಕಾಲು. ನಮ್ಮ ಬೋಗಿ ರೈಲಿನ ಬಾಲದಲ್ಲಿತ್ತು, ಹೊರಗೆ ಹೋಗುವ ದಾರಿ ತಲೆಯ ಕಡೆ. ಅರ್ಧ ದಾರಿ ನಡೆದ ಮೇಲೆ ಅವ್ವ ಚೀಲ ಕೆಳಗಿಟ್ಟು ನಿಂತಳು. 'ನೇಪಾಳಕ್ಕ ನಡಕೊಂತನ ಹೋಗೂದೇನಪಾ?' ಅಂದಳು. ಅವಳು ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಪ್ಲಾಟ್‌ಫಾರ್ಮಿನ ಉದ್ದ 1,366 ಮೀಟರ್. ಜಗತ್ತಿನಲ್ಲೇ ಅತಿ ಉದ್ದದ್ದು ಎಂಬ ಹೆಸರನ್ನು ಅದು ಸುಮಾರು ಹತ್ತು ವರ್ಷ ಹೊತ್ತಿತ್ತು. 2023ರ ಮಾರ್ಚಿನಲ್ಲಿ ಹುಬ್ಬಳ್ಳಿಯ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಗಿ ಆ ಹೆಸರು ನಮ್ಮ ಕಡೆ ಬಂತು. 'ಹುಬ್ಬಳ್ಳೀದು ಇದಕ್ಕಿಂತ ಉದ್ದ ಐತಿ ಅವ್ವಾ' ಅಂದೆ. 'ಹಂಗಾದ್ರ ಛಲೋ ಆತು, ಅಲ್ಲಿ ಇಳೀಲಿಲ್ಲ' ಅಂತ ಮತ್ತೆ ಚೀಲ ಎತ್ತಿಕೊಂಡಳು.

ಕಾಶಿ ಮುಗಿಸಿ ಬಂದಿದ್ದೆವು. ಊರಿಗೆ ಹೊರಡಲು ಇನ್ನೂ ಎರಡು ದಿನ ಇತ್ತು. ಒಂದೇ ದಿನದಲ್ಲಿ ನೇಪಾಳದ ಲುಂಬಿನಿಗೆ ಹೋಗಿ ಬರಬಹುದು ಎಂದು ಯಾರೋ ಹೇಳಿದ್ದರು. ಅವ್ವನಿಗೆ ಅರವತ್ತೆಂಟು, ಪಾಸ್‌ಪೋರ್ಟ್ ಇಲ್ಲ, ಮಾಡಿಸಬೇಕು ಎಂದು ಅನಿಸಿದ್ದೂ ಇಲ್ಲ. ಅವಳ ಪಾಲಿಗೆ ಪರದೇಶ ಎಂದರೆ ಟಿವಿಯಲ್ಲಿ ಕಾಣುವ ವಿಮಾನ ನಿಲ್ದಾಣ, ಸಾಲು, ಠಸ್ಸೆ, ಕೋಟು ಹಾಕಿದವನು ಕೇಳುವ ಪ್ರಶ್ನೆ. ಹಿಂದಿನ ರಾತ್ರಿ ಮಲಗುವ ಮುಂಚೆ ಎರಡು ಸಲ ಕೇಳಿದ್ದಳು: 'ಅವರು ಇಂಗ್ಲೀಷಿನ್ಯಾಗ ಕೇಳಿದ್ರ?'

ಯಾರೂ ಏನೂ ಕೇಳಲಿಲ್ಲ. ಅಂದು ಬಸ್ಸು ಕೆಡಲಿಲ್ಲ, ಮಳೆ ಬರಲಿಲ್ಲ, ಹೊಟ್ಟೆ ಕೈಕೊಡಲಿಲ್ಲ, ಕಾಸು ಕಳೆಯಲಿಲ್ಲ. ಪ್ರವಾಸದ ಬರಹಕ್ಕೆ ಇಂಥ ದಿನ ದಂಡ. ಆದರೂ ಒಂದು ಸಾರ್ವಭೌಮ ದೇಶದಿಂದ ಇನ್ನೊಂದಕ್ಕೆ ಹೋಗಿ ಸಂಜೆಯೊಳಗೆ ತಿರುಗಿ ಬಂದರೂ ಏನೂ ಆಗಲಿಲ್ಲ ಅಂದರೆ, ಅದು ಹೇಗೆ ಆಗಲಿಲ್ಲ ಎಂಬುದನ್ನು ವಿಚಾರಿಸಬೇಕು ಅನ್ನಿಸಿತು.

ನಿಲ್ದಾಣದ ಹೊರಗೆ 'ಸೋನೌಲಿ, ಸೋನೌಲಿ' ಎಂದು ಕೂಗುತ್ತಿದ್ದರು. ಕ್ಯಾಂಪಿಯರ್‌ಗಂಜ್, ಫರೇಂದಾ, ನೌತನ್ವಾ ದಾಟಿ ಗಡಿಗೆ ಸುಮಾರು ನೂರು ಕಿಲೋಮೀಟರ್, ಮೂರು ಗಂಟೆಯ ದಾರಿ. ನಮ್ಮ ಮುಂದಿನ ಸೀಟಿನಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ಕಾಲ ಬಳಿ ಮಿಕ್ಸಿಯ ಡಬ್ಬ, ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಕೂತಿದ್ದ. ನಮ್ಮ ಮಾತು ಕಿವಿಗೆ ಬಿದ್ದು ತಿರುಗಿದ. 'ಅಮ್ಮ, ಕರ್ನಾಟಕದಲ್ಲಿ ಯಾವೂರು?' ಎಂದು ಅಚ್ಚ ಬೆಂಗಳೂರು ಕನ್ನಡದಲ್ಲಿ ಕೇಳಿದ. ಮಾರತ್‌ಹಳ್ಳಿಯ ಹೋಟೆಲೊಂದರ ಅಡುಗೆಮನೆಯಲ್ಲಿ ನಾಲ್ಕು ವರ್ಷದಿಂದ ಕೆಲಸ. ಊರು ಬುಟ್ವಲ್‌ನಿಂದ ಮೇಲೆ, ಪಾಲ್ಪಾ ಜಿಲ್ಲೆಯ ಬೆಟ್ಟದ ಹಳ್ಳಿ. ಮೂರು ದಿನದ ಪ್ರಯಾಣ, ವರ್ಷಕ್ಕೊಮ್ಮೆ. ಅವ್ವ ಅವನಿಗೆ ಶೇಂಗಾ ಹೋಳಿಗೆ ಕೊಟ್ಟಳು. 'ಗಡಿಯಾಗ ಭಾಳ ಹೊತ್ತು ನಿಲ್ಲಿಸ್ತಾರೇನು?' ಎಂದು ಅವನನ್ನೇ ಕೇಳಿದಳು. ಅವನು ನಕ್ಕ. 'ನಿಮ್ಮನ್ನ ನಿಲ್ಲಿಸಲ್ಲಮ್ಮ. ನನ್ನನ್ನ ನಿಲ್ಲಿಸ್ತಾರೆ.'

ನೌತನ್ವಾದಲ್ಲಿ ರೈಲು ಹಳಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಕೆಲವು ಕಿಲೋಮೀಟರ್ ಉದ್ದಕ್ಕೂ ರಸ್ತೆಯ ಒಂದು ಪಕ್ಕ ಲಾರಿಗಳ ಸಾಲು. ಸಿಮೆಂಟಿನ ಕಚ್ಚಾವಸ್ತು, ಗ್ಯಾಸ್ ಟ್ಯಾಂಕರ್, ಈರುಳ್ಳಿ. ಲಾರಿ ಕೆಳಗೆ ಸ್ಟೌ ಹಚ್ಚಿ ಚಾಲಕರು ರೊಟ್ಟಿ ಬೇಯಿಸುತ್ತಿದ್ದರು. ಸರಕಿಗೆ ಕಾಗದ ಬೇಕು, ಮೊಹರು ಬೇಕು, ಸರದಿ ಬೇಕು. ಮನುಷ್ಯರಿಗೆ ಬೇಡ. ಬಸ್ಸು ನಮ್ಮನ್ನು ಗಡಿಯ ಹತ್ತಿರ ಇಳಿಸಿತು. ಎಡಕ್ಕೆ ಭಾರತದ ವಲಸೆ ಕಚೇರಿ. ಅದರ ಮುಂದೆ ದೊಡ್ಡ ಬೆನ್ನುಚೀಲ ಹೊತ್ತ ಯುರೋಪಿನ ಇಬ್ಬರು ತರುಣಿಯರು ಪೆನ್ನಿಗಾಗಿ ಹುಡುಕಾಡುತ್ತಿದ್ದರು. ನಾವು ಅವರ ಪಕ್ಕದಲ್ಲೇ, ಸಂತೆಗೆ ಹೋಗುವವರ ಹಾಗೆ, ಸೈಕಲ್ ರಿಕ್ಷಾಗಳ ನಡುವೆ ದಾರಿ ಮಾಡಿಕೊಂಡು ನಡೆದೆವು. ಸಶಸ್ತ್ರ ಸೀಮಾ ಬಲದ ಜವಾನನೊಬ್ಬ ನೋಡಿದ, ಸುಮ್ಮನಿದ್ದ. ಬಣ್ಣದ ದೊಡ್ಡ ಕಮಾನು ಬಂತು, ಅದರ ಕೆಳಗೆ ಹಾದೆವು. ಮತ್ತೆ ಅದೇ ಥರದ ಅಂಗಡಿ, ಅದೇ ಗುಟ್ಕಾ ಮಾಲೆ, ಅದೇ ಧೂಳು.

'ಗಡಿ ಯಾವಾಗ ಬರ್ತೈತಿ?'

'ಬಂದು ಹೋತು ಅವ್ವಾ.'

ಅವ್ವ ತಿರುಗಿ ನೋಡಿದಳು. 'ಇಷ್ಟ?' ಅಂದಳು. ಆ ದನಿಯಲ್ಲಿ ಸಮಾಧಾನಕ್ಕಿಂತ ನಿರಾಶೆಯೇ ಜಾಸ್ತಿ. ಆಧಾರ್ ಕಾರ್ಡನ್ನು ಅವಳು ಗೋರಖಪುರದಿಂದಲೂ ಕೈಯಲ್ಲೇ ಹಿಡಿದುಕೊಂಡಿದ್ದಳು.

ಆ ಕಾರ್ಡಿನ ಬಗ್ಗೆ ಒಂದು ಮಾತು. ನೇಪಾಳಕ್ಕೆ ಹೋಗುವ ಭಾರತೀಯರಿಗೆ ವೀಸಾ ಬೇಡ. ಕೇಳಿದರೆ ತೋರಿಸಲು ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಚೀಟಿ ಸಾಕು. ಆಧಾರ್ ಎಲ್ಲರಿಗೂ ನಡೆಯುವುದಿಲ್ಲ. ಅರವತ್ತೈದು ದಾಟಿದವರಿಗೂ ಹದಿನೈದರ ಒಳಗಿನ ಮಕ್ಕಳಿಗೂ ಮಾತ್ರ ಅದು ಸಲ್ಲುತ್ತದೆ. ನೆಲದ ಗಡಿಯಲ್ಲಿ ಬಹಳ ಸಲ ಕೇಳುವುದೇ ಇಲ್ಲ, ವಿಮಾನದಲ್ಲಿ ಹೋಗುವವರಿಗೆ ಮಾತ್ರ ಇದು ಕಟ್ಟುನಿಟ್ಟು. ಆಧಾರ್ ಒಂದನ್ನೇ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಲು ಹೋದ ನಲವತ್ತರ ಪ್ರಾಯದವರು ಕೌಂಟರಿನಲ್ಲೇ ಉಳಿಯಬೇಕಾಗುತ್ತದೆ.

ಈ ಸಲೀಸು ಎಲ್ಲಿಂದ ಬಂತು? ಸಾಮಾನ್ಯವಾಗಿ ಕೊಡುವ ಉತ್ತರ ಸಂಸ್ಕೃತಿ, ಧರ್ಮ, ನೆಂಟಸ್ತಿಕೆ. ಈ ಕಡೆಯವರ ಬಾಯಲ್ಲಿ ಅದಕ್ಕೆ 'ರೋಟಿ-ಬೇಟಿ' ಸಂಬಂಧ ಎಂದು ಹೆಸರು, ಅನ್ನದ ಕೊಡು-ಕೊಳ್ಳು, ಹೆಣ್ಣಿನ ಕೊಡು-ಕೊಳ್ಳು. ಅದು ನಿಜ. ಗಡಿಯ ಎರಡೂ ಬದಿಯಲ್ಲಿ ಭೋಜಪುರಿ, ಅವಧಿ ಮಾತಾಡುವ ಹಳ್ಳಿಗಳಿವೆ. ಆದರೆ ನೆಂಟಸ್ತಿಕೆ ಇದ್ದ ಮಾತ್ರಕ್ಕೆ ಗಡಿ ತೆರೆದಿರುವುದಿಲ್ಲ. ಪಂಜಾಬಿನ ಎರಡೂ ಬದಿಯಲ್ಲಿ ಮಾತು ಒಂದೇ, ಊಟ ಒಂದೇ. ಅಟ್ಟಾರಿಯ ಗೇಟನ್ನು ನೋಡಿ ಬಂದವರಿಗೆ ಮುಂದಿನದನ್ನು ಹೇಳಬೇಕಿಲ್ಲ.

ಸೋನೌಲಿಯ ಗಡಿ ಹುಟ್ಟಿದ್ದೇ ಜಗಳದಿಂದ. ಪಾಲ್ಪಾದ ಹುಡುಗನ ಬಸ್ಸು ಹೋಗುವ ಬುಟ್ವಲ್, ಅದರ ಪಕ್ಕದ ಸ್ಯೂರಾಜ್, ಇವು ಯಾರಿಗೆ ಸೇರಬೇಕು ಎಂಬ ತಕರಾರಿನಿಂದಲೇ ಈಸ್ಟ್ ಇಂಡಿಯಾ ಕಂಪನಿಗೂ ಗೂರ್ಖಾ ರಾಜ್ಯಕ್ಕೂ 1814ರಲ್ಲಿ ಯುದ್ಧ ಶುರುವಾಯಿತು. 1816ರಲ್ಲಿ ಜಾರಿಗೆ ಬಂದ ಸುಗೌಲಿ ಒಪ್ಪಂದ ಪೂರ್ವದಲ್ಲಿ ಮೇಚಿ, ಪಶ್ಚಿಮದಲ್ಲಿ ಮಹಾಕಾಳಿ ನದಿಗಳನ್ನು ಎಲ್ಲೆ ಮಾಡಿತು. ಗೆರೆ ಎಳೆದ ಮೇಲೆ ಕಂಪನಿ ಬಾಗಿಲು ಹಾಕಲಿಲ್ಲ, ಅದರಲ್ಲಿ ಪ್ರೀತಿಯೇನೂ ಇರಲಿಲ್ಲ. ಯುದ್ಧದಲ್ಲಿ ಗೂರ್ಖಾಗಳ ಕೈ ಕಂಡಿದ್ದ ಬ್ರಿಟಿಷರಿಗೆ ಅವರು ತಮ್ಮ ಪಡೆಗೆ ಬೇಕಾಗಿದ್ದರು. ಆಮೇಲೆ ಬೆಟ್ಟದ ಬುಡದ ತರಾಯಿ ಕಾಡಿನ ಮರ ಬೇಕಾಯಿತು, ಸರಕಿಗೆ ಮಾರುಕಟ್ಟೆ ಬೇಕಾಯಿತು. ಆಳು ಇಳಿದು ಬರಲಿ, ಮಾಲು ಏರಿ ಹೋಗಲಿ ಎಂದು ದಾರಿ ಬಿಟ್ಟರು. ಆ ಹುಡುಗ ಮಾರತ್‌ಹಳ್ಳಿಗೆ ಬಂದದ್ದೂ ಅದೇ ದಾರಿಯಲ್ಲಿ. ನಮ್ಮ ಊರುಗಳಲ್ಲಿ ರಾತ್ರಿ ಕೋಲು ತಟ್ಟುತ್ತ ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬರುತ್ತಿದ್ದವನಿಗೆ ನಾವು ಹೆಸರು ಕೇಳದೆ 'ಗೂರ್ಖಾ' ಎಂದು ಕರೆದದ್ದರಲ್ಲೂ ಆ ಇತಿಹಾಸದ ಒಂದು ಚೂರು ಇದೆ.

ಈ ರೂಢಿಯನ್ನು ಕಾಗದಕ್ಕೆ ಇಳಿಸಿದ್ದು 1950ರ ಜುಲೈ 31ರ ಶಾಂತಿ ಮತ್ತು ಸ್ನೇಹ ಒಪ್ಪಂದ. ಹತ್ತೇ ವಿಧಿಗಳ ಸಣ್ಣ ಕಾಗದ. ಅದರ ಏಳನೆಯ ವಿಧಿಯಂತೆ ಒಂದು ದೇಶದವರು ಇನ್ನೊಂದರಲ್ಲಿ ಓಡಾಡಬಹುದು, ವಾಸಿಸಬಹುದು, ಆಸ್ತಿ ಮಾಡಬಹುದು, ವ್ಯಾಪಾರ ಮಾಡಬಹುದು. ಅವ್ವ ಆಧಾರ್ ತೋರಿಸದೆಯೇ ಕಮಾನು ದಾಟಿದ್ದು ಈ ವಿಧಿಯ ಪುಣ್ಯದಿಂದ. ಆದರೆ ಕಾಠ್ಮಂಡುವಿನಲ್ಲಿ ಈ ಒಪ್ಪಂದದ ಹೆಸರು ತೆಗೆದರೆ ಮುಖ ಗಂಟಿಕ್ಕುವವರು ಬಹಳ. ನೇಪಾಳದ ಪರವಾಗಿ ಸಹಿ ಹಾಕಿದ್ದು ರಾಣಾ ಮನೆತನದ ಕೊನೆಯ ಪ್ರಧಾನಿ ಮೋಹನ್ ಶಂಶೇರ್, ಭಾರತದ ಪರವಾಗಿ ಹಾಕಿದ್ದು ಬರಿಯ ರಾಯಭಾರಿ. ಪ್ರಧಾನಿಗೆ ಎದುರಾಗಿ ಪ್ರಧಾನಿ ಏಕಿಲ್ಲ ಎಂಬುದು ಅವರ ಹಳೆಯ ನೋವು. ಸಹಿಯಾಗಿ ಏಳು ತಿಂಗಳು ತುಂಬುವ ಮೊದಲೇ ರಾಣಾ ಆಳ್ವಿಕೆಯೂ ಮುಗಿಯಿತು. ಒಪ್ಪಂದವನ್ನು ಮರುನೋಡಲು ಎರಡೂ ದೇಶದ ಗಣ್ಯರ ತಂಡವೊಂದು 2016ರಲ್ಲಿ ಕೆಲಸ ಶುರುಮಾಡಿ 2018ರಲ್ಲಿ ವರದಿ ಮುಗಿಸಿತು. ಅದನ್ನು ಅಧಿಕೃತವಾಗಿ ಸ್ವೀಕರಿಸುವ ಕೆಲಸ ಮಾತ್ರ ವರ್ಷಗಟ್ಟಲೆ ನಡೆಯಲಿಲ್ಲ.

ಬಾಗಿಲು ಯಾವಾಗಲೂ ತೆರೆದೇ ಇತ್ತು ಎಂದೂ ಇಲ್ಲ. ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ, 1989ರ ಮಾರ್ಚಿನಲ್ಲಿ, ಭಾರತ ಬಹುಪಾಲು ದಾರಿಗಳನ್ನು ಸರಕಿಗೆ ಮುಚ್ಚಿತ್ತು. ನೇಪಾಳದ ಹೊಸ ಸಂವಿಧಾನ ಬಂದ 2015ರಲ್ಲಿ ತರಾಯಿ ಸೀಮೆಯ ಮಧೇಶಿ ಜನರ ಪ್ರತಿಭಟನೆಯ ನಡುವೆ ತಿಂಗಳುಗಟ್ಟಲೆ ಪೆಟ್ರೋಲು, ಗ್ಯಾಸು, ಔಷಧಿ ನಿಂತಿತು. ಭೂಕಂಪದಿಂದ ಎದ್ದು ಆಗಷ್ಟೇ ಕೂತಿದ್ದ ದೇಶ ಅದು. ದಿಗ್ಬಂಧನ ನಾವು ಮಾಡಿದ್ದಲ್ಲ ಎಂದು ದಿಲ್ಲಿ ಹೇಳಿತು, ಅಲ್ಲಿನ ಜನ ಅದನ್ನು ನಂಬಲಿಲ್ಲ. ಕೊರೊನಾ ಕಾಲದಲ್ಲಿ ಮನುಷ್ಯರಿಗೂ ಬಾಗಿಲು ಮುಚ್ಚಿತು. ಇದನ್ನು ನಾವು ಬೆರಳು ತೋರಿಸಿ ಹೇಳುವ ಹಾಗಿಲ್ಲ ಬಿಡಿ. ಅದೇ 2020ರ ಮಾರ್ಚಿನಲ್ಲಿ ಕಾಸರಗೋಡಿನ ರಸ್ತೆಗಳಿಗೆ ಮಣ್ಣು ಸುರಿದವರು ನಾವೇ, ಅದೂ ಒಂದೇ ದೇಶದೊಳಗೆ.

ಎರಡೂ ದೇಶಗಳ ನಡುವಿನ ನೆಲಕ್ಕೆ ಇಲ್ಲಿನವರು 'ದಸ್‌ಗಜಾ' ಎನ್ನುತ್ತಾರೆ, ಹತ್ತು ಗಜ. ಗಡಿಯ ಗೆರೆಯ ಗುಂಟ ಯಾರಿಗೂ ಸೇರದ, ಯಾರೂ ಕಟ್ಟಬಾರದ, ಉಳಬಾರದ ಪಟ್ಟಿ. ಸುಮಾರು 1,750 ಕಿಲೋಮೀಟರ್ ಉದ್ದದ ಈ ಗಡಿಯ ಬಹುಭಾಗದಲ್ಲಿ ಬೇಲಿ ಇಲ್ಲ, ಬಿಳಿ ಕಂಬಗಳಿವೆ. ಸೋನೌಲಿಯಂಥ ಪೇಟೆಯಲ್ಲಿ ದಸ್‌ಗಜಾ ಹುಡುಕಿದರೂ ಸಿಗುವುದಿಲ್ಲ. ಅಲ್ಲೊಂದು ಹಣ್ಣಿನ ಗಾಡಿ ನಿಂತಿತ್ತು, ಅದರ ನೆರಳಲ್ಲಿ ನಾಯಿ ಮಲಗಿತ್ತು.

ಆ ಕಡೆಯ ಊರಿನ ಹೆಸರು ಬೇಲಹಿಯಾ. ಅಲ್ಲಿ ಕಾಲಿಟ್ಟು ಸ್ವಲ್ಪ ಹೊತ್ತಿಗೆ ನನ್ನ ಫೋನು ಒಂದು ಚಮತ್ಕಾರ ತೋರಿಸಿತು. ಒಂಬತ್ತೂ ಹತ್ತು ಇದ್ದದ್ದು ಒಂಬತ್ತೂ ಇಪ್ಪತ್ತೈದಾಯಿತು. ನಾಲ್ಕು ಹೆಜ್ಜೆಗೆ ಮತ್ತೆ ಒಂಬತ್ತೂ ಹತ್ತು. ಎರಡೂ ದೇಶದ ಟವರುಗಳು ಒಂದೇ ಬೀದಿಯ ಮೇಲೆ ಜಗಳವಾಡುತ್ತಿದ್ದವು.

ನೇಪಾಳ ನಮಗಿಂತ ಹದಿನೈದು ನಿಮಿಷ ಮುಂದಿದೆ. ಇದು ಹಟಕ್ಕೆ ಇಟ್ಟುಕೊಂಡ ವ್ಯತ್ಯಾಸ ಎಂದು ಕುಹಕ ಮಾಡುವವರಿದ್ದಾರೆ, ಆದರೆ ಲೆಕ್ಕ ಚೊಕ್ಕವಾಗಿದೆ. ಭೂಮಿ ಒಂದು ರೇಖಾಂಶ ತಿರುಗಲು ನಾಲ್ಕು ನಿಮಿಷ ಬೇಕು. ಭಾರತದ ಸಮಯ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ್ದು. ಅದನ್ನು ನಾಲ್ಕರಿಂದ ಗುಣಿಸಿದರೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ನೇಪಾಳ ಆರಿಸಿಕೊಂಡದ್ದು ಕಾಠ್ಮಂಡುವಿನ ಪೂರ್ವಕ್ಕಿರುವ ಗೌರಿಶಂಕರ ಶಿಖರದ ಬಳಿಯ 86 ಡಿಗ್ರಿ 15 ನಿಮಿಷದ ರೇಖಾಂಶ. ಅದರಿಂದ ಬರುವುದು ಸರಿಯಾಗಿ ಐದೂ ಮುಕ್ಕಾಲು ಗಂಟೆ. ಈ ಹದಿನೈದು ನಿಮಿಷದ ವ್ಯತ್ಯಾಸ 1986ರಿಂದ ಇದೆ. ಬೇಲಿ ಇಲ್ಲದ, ಭಾಷೆ ಬೇರೆಯಾಗದ, ಮುಖ ನೋಡಿ ದೇಶ ಹೇಳಲಾಗದ ಗಡಿಯಲ್ಲಿ 'ನಾನು ಬೇರೆ' ಎಂದು ಹೇಳಲು ಒಂದು ದೇಶ ಗೋಡೆಯ ಬದಲು ಗಡಿಯಾರ ಬಳಸಿದೆಯಲ್ಲ, ಅದು ನನಗಂತೂ ಹಿಡಿಸಿತು. (ಗಡಿಯಾರದಲ್ಲಿರುವ 'ಗಡಿ' ಘಳಿಗೆಯ ಕಡೆಯದು, ದೇಶದ ಎಲ್ಲೆಗೂ ಅದಕ್ಕೂ ನಂಟಿಲ್ಲ. ಬೇಲಹಿಯಾದಲ್ಲಿ ನಿಂತವನಿಗೆ ಮಾತ್ರ ಇದೆ ಅನ್ನಿಸುತ್ತದೆ.)

ಅವ್ವನ ಕೈಯಲ್ಲಿ ಕೀಲಿ ಕೊಡುವ ಹಳೆಯ ಎಚ್‌ಎಂಟಿ ವಾಚಿದೆ. ಹದಿನೈದು ನಿಮಿಷ ಮುಂದೆ ಮಾಡಿಕೋ ಅಂದೆ. 'ಸಂಜೀಕ ಮತ್ತ ಹಿಂದ ತಿರುವಬೇಕಲ್ಲ? ಇರಲಿ ಬಿಡು' ಅಂದಳು.

ಭನ್ಸಾರ್ ಕಚೇರಿ, ಅಂದರೆ ನೇಪಾಳದ ಸುಂಕದ ಕಟ್ಟೆಯ ಹತ್ತಿರ ನಮ್ಮ ಹುಡುಗ ಮತ್ತೆ ಕಂಡ. ಅವನು ಹೇಳಿದ ಹಾಗೇ ಆಗಿತ್ತು. ಬ್ಯಾಗು ಬೆಂಚಿನ ಮೇಲೆ ಬಿಚ್ಚಿಕೊಂಡಿತ್ತು. ಎರಡು ಸೀರೆ, ಮಗುವಿನ ಬೂಟು, ಸಾಂಬಾರು ಪುಡಿಯ ಪೊಟ್ಟಣಗಳು ಹೊರಗೆ ಬಂದಿದ್ದವು, ಮಿಕ್ಸಿಯ ಡಬ್ಬಕ್ಕೆ ಸುತ್ತಿದ್ದ ದಾರವನ್ನು ಒಬ್ಬರು ಕತ್ತರಿಸುತ್ತಿದ್ದರು. ಅವನ ಹಿಂದೆ ಅದೇ ಬಗೆಯ ಹತ್ತು ಹದಿನೈದು ಹುಡುಗರು, ಅದೇ ಬಗೆಯ ಬ್ಯಾಗುಗಳು. ತಮ್ಮ ದೇಶಕ್ಕೇ ಮರಳುತ್ತಿದ್ದವರು. ಭಾರತದ ಪ್ರವಾಸಿಗಳು ಅವರ ಪಕ್ಕದಲ್ಲಿ ಕೈಬೀಸಿಕೊಂಡು ಹೋಗುತ್ತಿದ್ದರು. ಅಂಗಡಿ ಸಾಮಾನಿಗೆ ಸುಂಕ ಹಾಕುವುದು ಯಾವುದೇ ದೇಶದ ಹಕ್ಕು, ಭಾರತದ ಅಗ್ಗದ ಮಾಲಿನ ಮುಂದೆ ನೇಪಾಳದ ಗಡಿ ಊರಿನ ಅಂಗಡಿಗಳು ಸೊರಗುತ್ತವೆ ಎಂಬುದೂ ಸುಳ್ಳಲ್ಲ. ಆದರೂ ಎಲ್ಲರಿಗೂ ತೆರೆದ ಗಡಿ ಎಂಬ ಮಾತನ್ನು ಆ ಬೆಂಚಿನ ಮುಂದೆ ನಿಂತು ಹೇಳುವುದು ಕಷ್ಟ. ಅವ್ವ ಏನೋ ಹೇಳಬೇಕೆಂದು ನಿಂತಳು. ಹುಡುಗ ತಲೆಯಲ್ಲೇ 'ನೀವು ಹೋಗಿ' ಎಂದು ಸನ್ನೆ ಮಾಡಿದ.

ದುಡ್ಡಿನ ಕಥೆ ಬೇಗ ಮುಗಿಯುತ್ತದೆ. ನೂರು ಭಾರತೀಯ ರೂಪಾಯಿಗೆ ನೂರರವತ್ತು ನೇಪಾಳಿ. ಈ ದರ 1993ರಿಂದ ಕದಲಿಲ್ಲ, ಡಾಲರ್ ಏರಲಿ ಇಳಿಯಲಿ. ಅಂಗಡಿಯಲ್ಲಿ ಬೆಲೆ ಕೇಳಿದರೆ 'ಐಸಿಯೋ ಎನ್‌ಸಿಯೋ' ಎಂದು ತಿರುಗಿ ಕೇಳುತ್ತಾರೆ. ಇಂಡಿಯಾದ ದುಡ್ಡು ಐಸಿ, ನೇಪಾಳದ್ದು ಎನ್‌ಸಿ. ಚಹಾಕ್ಕೆ ಮೂವತ್ತೆರಡು ಎನ್‌ಸಿ ಎಂದಾಗ ದುಬಾರಿ ಎಂದು ಮುಖ ಹಿಂಡಿದ ಅವ್ವ, ಇಪ್ಪತ್ತು ಐಸಿ ಎಂದ ಕೂಡಲೇ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಭಾಗಾಕಾರ ಬಾಯಿಪಾಠವಾಗಿತ್ತು. ದೊಡ್ಡ ನೋಟಿನ ವಿಷಯದಲ್ಲಿ ಮಾತ್ರ ಇಲ್ಲಿ ಕಹಿ ಇದೆ. ನಮ್ಮ 2016ರ ನೋಟು ರದ್ದತಿಯಲ್ಲಿ ನೇಪಾಳದವರ ಕೈಯಲ್ಲಿದ್ದ ಹಳೆಯ ಐನೂರು, ಸಾವಿರದ ನೋಟುಗಳು ಕೈಯಲ್ಲೇ ಉಳಿದುಹೋದವು. 2018ರ ಕೊನೆಯಲ್ಲಿ ನೇಪಾಳ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನೇ ನಿಷೇಧಿಸಿತು. ಗಡಿ ದಾಟುವವರು ನೂರರ ಕಂತೆ ಇಟ್ಟುಕೊಳ್ಳುವ ಅಭ್ಯಾಸ ಅಂದಿನದು. 2024ರ ಮಾರ್ಚಿನಿಂದ ಅಲ್ಲಿನ ಅಂಗಡಿಗಳ ಕ್ಯೂಆರ್ ಫಲಕಕ್ಕೆ ನಮ್ಮ ಯುಪಿಐ ಕೂಡ ಹೊಂದಿಕೊಂಡಿದೆ, ನೆಟ್‌ವರ್ಕ್ ಇದ್ದರೆ.

ಭೈರಹವಾ ಪೇಟೆಗೆ ನಾಲ್ಕು ಕಿಲೋಮೀಟರ್, ಅಲ್ಲಿಂದ ಲುಂಬಿನಿಗೆ ಇಪ್ಪತ್ತರ ಮೇಲೆ ಸ್ವಲ್ಪ. ಗದ್ದೆಗಳ ನಡುವೆ ನೇರ ರಸ್ತೆ. ಹಿಮಾಲಯದ ದೇಶ ಎಂದು ಬಂದವಳಿಗೆ ಒಂದು ಗುಡ್ಡವೂ ಕಾಣಲಿಲ್ಲ. 'ಇದು ನಮ್ಮ ಸಿಂಧನೂರು ಕಾಲುವಿ ಸೀಮಿ ಇದ್ದಂಗ ಐತಿ' ಅಂದಳು. ತರಾಯಿ ಬಯಲಿಗೆ ಇದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಎಲ್ಲೂ ಓದಿಲ್ಲ.

ಲುಂಬಿನಿಯ ಉದ್ಯಾನ ಉದ್ದಕ್ಕೆ ಮೂರು ಮೈಲಿ, ಅಗಲಕ್ಕೆ ಒಂದು ಮೈಲಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬರ್ಮಾದ ಊ ಥಾಂಟ್ 1967ರಲ್ಲಿ ಇಲ್ಲಿಗೆ ಬಂದು, ಬುದ್ಧ ಹುಟ್ಟಿದ ಜಾಗದ ಸ್ಥಿತಿ ನೋಡಿ ಮರುಗಿದ ಮೇಲೆ ಇದರ ಅಭಿವೃದ್ಧಿಯ ಕೆಲಸ ಹುಟ್ಟಿತು. ನಕ್ಷೆ ಹಾಕಿದವರು ಜಪಾನಿನ ವಾಸ್ತುಶಿಲ್ಪಿ ಕೆಂಜೊ ಟಾಂಗೆ. ನಡುವೆ ನೀರಿನ ಕಾಲುವೆ, ಅದರ ಪೂರ್ವಕ್ಕೆ ಥೇರವಾದದ ವಿಹಾರಗಳು, ಪಶ್ಚಿಮಕ್ಕೆ ಮಹಾಯಾನದವು. ಒಂದೊಂದು ದೇಶವೂ ತನ್ನ ಗುಡಿ ಕಟ್ಟಿದೆ. ಬರ್ಮಾದ ಬಂಗಾರ ಬಣ್ಣದ ಗೋಪುರದಿಂದ ಜರ್ಮನರ ಸ್ತೂಪದವರೆಗೆ ಇ-ರಿಕ್ಷಾದವನು ಸುತ್ತಿಸಿ ತೋರಿಸುತ್ತಾನೆ. ಚೆಂದವೇನೋ ಹೌದು. ಆದರೆ ಬೇರೆ ಬೇರೆ ದೇಶಗಳ ಮಳಿಗೆ ಇರುವ ವಸ್ತುಪ್ರದರ್ಶನಕ್ಕೆ ಬಂದ ಹಾಗೆ ನನಗೆ ಅನ್ನಿಸುತ್ತಿತ್ತು. ಅವ್ವ ಎಲ್ಲದಕ್ಕೂ ಕೈಮುಗಿದಳು.

ನಾನು ಬಂದಿದ್ದು ಒಂದು ಕಲ್ಲಿಗಾಗಿ. ಮಾಯಾದೇವಿ ಗುಡಿಯ ಪಕ್ಕದಲ್ಲಿ, ಕಬ್ಬಿಣದ ಬೇಲಿಯ ಒಳಗೆ, ಒಂದು ಬೋಳು ಕಂಬ ನಿಂತಿದೆ. ತುದಿ ಮುರಿದಿದೆ, ಮೈಯಲ್ಲಿ ಮೇಲಿಂದ ಕೆಳಗೆ ಒಡಕು. ಒಂದು ಕಾಲದಲ್ಲಿ ಮೇಲೆ ಕುದುರೆಯಿತ್ತೆಂದೂ ಸಿಡಿಲು ಬಡಿದು ಕಂಬ ಮುರಿಯಿತೆಂದೂ ಏಳನೆಯ ಶತಮಾನದಲ್ಲಿ ಬಂದ ಹ್ಯೂಯೆನ್‌ತ್ಸಾಂಗ್ ಬರೆದಿದ್ದಾನೆ. ಆಮೇಲೆ ಕಾಡು ಮುಚ್ಚಿತು. 1896ರ ಡಿಸೆಂಬರಿನಲ್ಲಿ ನೇಪಾಳದ ಜನರಲ್ ಖಡ್ಗ ಶಂಶೇರ್ ಮತ್ತು ಜರ್ಮನ್ ಪುರಾತತ್ವಜ್ಞ ಫ್ಯೂರರ್ ಇಲ್ಲಿದ್ದಾಗ ನೆಲದೊಳಗೆ ಹೂತಿದ್ದ ಬ್ರಾಹ್ಮಿ ಅಕ್ಷರಗಳು ಹೊರಬಂದವು. ಫ್ಯೂರರ್ ಬೇರೆ ಕಡೆ ಸುಳ್ಳು ಅವಶೇಷಗಳ ವ್ಯವಹಾರದಲ್ಲಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡ ಮನುಷ್ಯ. ಹಾಗಂತ ಕಂಬ ಸುಳ್ಳಲ್ಲ.

ಐದು ಸಾಲೂ ತುಂಬದ ಬರಹ. ದೊರೆ ಪಟ್ಟವೇರಿದ ಇಪ್ಪತ್ತನೇ ವರ್ಷದಲ್ಲಿ, ಅಂದರೆ ಕ್ರಿ.ಪೂ. 249ರ ಸುಮಾರಿಗೆ, ತಾನೇ ಇಲ್ಲಿಗೆ ಬಂದು ಪೂಜಿಸಿದ. ಶಾಕ್ಯಮುನಿ ಬುದ್ಧ ಹುಟ್ಟಿದ ಜಾಗವಾದ್ದರಿಂದ ಕಲ್ಲಿನ ಕಂಬ ನಿಲ್ಲಿಸಿದ. ಕೊನೆಯಲ್ಲಿ ಲುಂಬಿನಿ ಗ್ರಾಮದ ಬಲಿ ತೆರಿಗೆ ಮನ್ನಾ, ಫಸಲಿನಲ್ಲಿ ಎಂಟನೇ ಒಂದು ಪಾಲು ಕೊಟ್ಟರೆ ಸಾಕು ಎಂಬ ಆಜ್ಞೆ. ರಾಜರ ರೂಢಿಯ ಪಾಲು ಆರನೇ ಒಂದು ಎಂದು ಶಾಸ್ತ್ರಗಳು ಹೇಳುತ್ತವೆ. ಯಾತ್ರೆಯ ನೆನಪಿಗೆ ಊರಿಗೆ ಕಂದಾಯ ರಿಯಾಯಿತಿ. ಭನ್ಸಾರ್ ಕಚೇರಿಯಿಂದ ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ ಇದನ್ನು ಓದಿದಾಗ ಮಿಕ್ಸಿಯ ಡಬ್ಬ ನೆನಪಾಗದೆ ಇರಲಿಲ್ಲ.

ಈ ಬರಹದಲ್ಲಿ ಒಂದು ಹೆಸರಿಲ್ಲ. ಕಂಬ ನಿಲ್ಲಿಸಿದವನು ತನ್ನನ್ನು 'ದೇವರಿಗೆ ಪ್ರಿಯನಾದ ಪ್ರಿಯದರ್ಶಿ ರಾಜ' ಎಂದಷ್ಟೇ ಕರೆದುಕೊಂಡಿದ್ದಾನೆ. ಅಶೋಕ ಎಂದಿಲ್ಲ. ಉತ್ತರದ ಕಂಬಗಳಲ್ಲಿ, ಬಂಡೆಗಳಲ್ಲಿ ಬಹುಪಾಲು ಹೀಗೇ. ಸಿಂಹಳದ ಹಳೆಯ ಗ್ರಂಥಗಳ ಆಧಾರದ ಮೇಲೆ ವಿದ್ವಾಂಸರು ಈ ಪ್ರಿಯದರ್ಶಿಯೇ ಅಶೋಕನಿರಬೇಕು ಎಂದು ಹೊಂದಿಸಿದ್ದರು. ಅವನದೇ ಶಾಸನದಲ್ಲಿ ಆ ಹೆಸರು ಸಿಕ್ಕಿದ್ದು ಲುಂಬಿನಿಯ ಕಂಬ ಹೊರಬಂದು ಹತ್ತೊಂಬತ್ತು ವರ್ಷದ ಮೇಲೆ, 1915ರಲ್ಲಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ರಾಯಚೂರು ಸೀಮೆಯಲ್ಲಿ ಅಲೆಯುವಾಗ ಮಸ್ಕಿಯ ಗುಡ್ಡದ ಗವಿಯಲ್ಲಿ ಕಂಡ ಬಂಡೆಯ ಮೇಲೆ 'ದೇವಾನಾಂಪ್ರಿಯ ಅಶೋಕ' ಎಂದು ಪ್ರಾಕೃತದಲ್ಲಿ ಕೊರೆದಿತ್ತು.

ಅವ್ವನ ತವರು ಮಸ್ಕಿಯಿಂದ ಮೂರು ಹರದಾರಿ. ಹುಡುಗಿಯಾಗಿದ್ದಾಗ ಆ ಗುಡ್ಡದ ಕೆಳಗಿನ ಹೊಲದಲ್ಲಿ ಸಜ್ಜೆ ತೆನೆ ಕೊಯ್ದವಳು. ಕಂಬದ ಬೇಲಿಗೆ ಆತುಕೊಂಡು ನಿಂತ ಅವಳಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಆ ಅಕ್ಷರಗಳನ್ನೇ ನೋಡಿದಳು. 'ನಮ್ಮೂರ ಬಂಡಿ ಮ್ಯಾಲಿನ ಅಕ್ಷರನೂ ಹಿಂಗ ಅದಾವ. ಕಡ್ಡಿ ಜೋಡಿಸಿದಂಗ' ಅಂದಳು. ಆಮೇಲೆ, 'ಇಲ್ಲಿಂದ ಅಲ್ಲೀತನ ಒಬ್ಬನ ರಾಜ ಏನು?' ಹೌದು ಅಂದೆ. 'ಹಂಗಾದ್ರ ಅವಂಗ ಗಡಿ ಇರಲಿಲ್ಲೇನು?'

ಇತ್ತು, ಮಸ್ಕಿಯಿಂದ ಇನ್ನೂ ಕೆಳಗೆ. ಅವನ ಗಡಿ ಹಾದದ್ದು ನಮ್ಮ ನೆಲದಲ್ಲಿ. ಚೋಳರು, ಪಾಂಡ್ಯರು ತನ್ನ ಎಲ್ಲೆಯ ಆಚೆಯವರು ಎಂದು ಅವನ ಶಾಸನಗಳೇ ಹೇಳುತ್ತವೆ. ಇಂದಿನ ಗಡಿಯಲ್ಲಿರುವ ಲುಂಬಿನಿ ಅಂದು ಒಳನಾಡು, ಇಂದು ಒಳನಾಡಾದ ಮಸ್ಕಿ ಅಂದು ಗಡಿಸೀಮೆ.

ಗುಡಿಯ ಒಳಗೆ, ಇಟ್ಟಿಗೆ ಗೋಡೆಗಳ ನಡುವೆ, ಗಾಜಿನ ಕೆಳಗೆ, ಹುಟ್ಟಿದ ನಿಖರ ಜಾಗ ಎಂದು ತೋರಿಸುವ ಗುರುತಿನ ಕಲ್ಲಿದೆ. ತೊಂಬತ್ತರ ದಶಕದ ಉತ್ಖನನದಲ್ಲಿ ಸಿಕ್ಕಿದ್ದು. 1997ರಲ್ಲಿ ಇದು ವಿಶ್ವ ಪರಂಪರೆಯ ತಾಣವಾಯಿತು. ಇಷ್ಟೊಂದು ದೇಶಗಳ ಜನ ಸಾಲಿನಲ್ಲಿದ್ದರೂ ಅಲ್ಲಿ ಸದ್ದಿಲ್ಲ. ಹೊರಗೆ ಕೊಳ, ಮರಕ್ಕೆ ಕಟ್ಟಿದ ಬಣ್ಣದ ಪತಾಕೆಗಳು. ಕೊಳದ ಮೆಟ್ಟಿಲ ಮೇಲೆ ಕೂತು ಅವ್ವ ಸೇಲ್ ರೋಟಿ ತಿಂದಳು. ಅಕ್ಕಿ ಹಿಟ್ಟಿನದು, ಬಳೆಯ ಆಕಾರ, ಎಣ್ಣೆಯಲ್ಲಿ ಕರಿದದ್ದು, ನಸು ಸಿಹಿ. ಮುರಿದು, ಮೂಸಿ, 'ಅತ್ರಾಸಕ್ಕ ತೂತು ಹಾಕ್ಯಾರ. ಬೆಲ್ಲ ಕಡಿಮಿ ಆಗೈತಿ' ಎಂದು ತೀರ್ಪು ಕೊಟ್ಟಳು. ಆದರೂ ದಾರಿಗೆಂದು ಆರು ಕಟ್ಟಿಸಿಕೊಂಡಳು.

ಹಿಂದಿರುಗುವ ಜೀಪಿನಲ್ಲಿ ನನಗೆ ಗಡಿ ದಾಟಿದ ಹಳೆಯ ಕನ್ನಡಿಗರ ನೆನಪು. ಇಲ್ಲಿಂದ ಪೂರ್ವಕ್ಕೆ, ಬೀರ್‌ಗಂಜ್ ಕಡೆಗೆ ಹೋದರೆ ಬಾರಾ ಜಿಲ್ಲೆಯಲ್ಲಿ, ಭಾರತದ ಗಡಿಗೆ ತಾಗಿಕೊಂಡೇ, ಸಿಮ್ರೌನ್‌ಗಢದ ಪಾಳುಕೋಟೆ ಇದೆ. 1097ರಲ್ಲಿ ನಾನ್ಯದೇವ ಎಂಬವನು ಅಲ್ಲಿ ಕಟ್ಟಿದ ರಾಜವಂಶದ ಹೆಸರೇ 'ಕರ್ಣಾಟ'. ಚಾಲುಕ್ಯರ ದಂಡಿನ ಹಿಂದೆ ಉತ್ತರಕ್ಕೆ ಹೋದ ಕುಲ ಅದಿರಬೇಕು ಎಂಬುದು ಇತಿಹಾಸಕಾರರ ಊಹೆ. ಘಿಯಾಸುದ್ದೀನ್ ತುಘಲಕ್ ದಾಳಿ ಮಾಡಿದಾಗ ಅದರ ಕೊನೆಯ ದೊರೆ ಹರಿಸಿಂಹದೇವ ಬೆಟ್ಟದ ಕಡೆ ಓಡಿದ. ಕಾಠ್ಮಂಡು ಕಣಿವೆಯ ಮಲ್ಲ ಅರಸರು ಮುಂದೆ ಆ ವಂಶದ ಜೊತೆ ನಂಟು ಹೇಳಿಕೊಂಡರು. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರೂ ತಲೆಮಾರುಗಳಿಂದ ದಕ್ಷಿಣದವರು, ಈಚೆಗಂತೂ ಕರ್ನಾಟಕದ ಕರಾವಳಿಯ ಕಡೆಯವರು. ದಂಡಿನವರಿಗೆ, ಪುರೋಹಿತರ ಮಡಿಗೆ, ಈಗ ಮಾರತ್‌ಹಳ್ಳಿಯ ಬಾಣಲೆಗೆ, ಈ ದಾರಿ ಯಾವತ್ತೂ ಕೆಲಸದ ದಾರಿಯಾಗಿತ್ತು. ನಮ್ಮಂತೆ ನೋಡಿ ಬರಲು ಹೋಗುವವರು ಈಚಿನವರು.

ಬೇಲಹಿಯಾಕ್ಕೆ ಬಂದಾಗ ಬೆಂಚು ಖಾಲಿಯಿತ್ತು, ಕತ್ತರಿಸಿದ ದಾರದ ತುಂಡುಗಳು ಕೆಳಗೆ ಬಿದ್ದಿದ್ದವು. ಕಮಾನು ದಾಟಿ ಈಚೆ ಬಂದೆವು. ಬೆಳಿಗ್ಗೆ ಸುಮ್ಮನಿದ್ದ ಭಾರತದ ಕಡೆ ಈಗ ತಪಾಸಣೆ ಇತ್ತು. ಜವಾನ ಅವ್ವನ ಚೀಲದತ್ತ ಕೈ ತೋರಿಸಿ ಹಿಂದಿಯಲ್ಲಿ ಏನಿದೆ ಎಂದು ಕೇಳಿದ. ದಿನವಿಡೀ ಯಾರೂ ಕೇಳದಿದ್ದ ಪ್ರಶ್ನೆ ಕಡೆಗೂ ಬಂತು. ಅವ್ವ ಲಗುಬಗೆಯಿಂದ ಆಧಾರ್ ತೆಗೆದು ಅವನ ಕೈಗೇ ಕೊಟ್ಟಳು, ಚೀಲ ಬಿಚ್ಚಿ ಸೇಲ್ ರೋಟಿಯ ಪೊಟ್ಟಣ ತೋರಿಸಿದಳು. ಅವನು ಕಾರ್ಡನ್ನು ಓದಿದ. ಓದಲೇಬೇಕೆಂದು ಅವಳು ನಿಂತಿದ್ದ ರೀತಿಗೆ ಅವನು ಓದದೆ ಇರುವಂತಿರಲಿಲ್ಲ. 'ರಾಯಚೂರು?' ಎಂದ. 'ಹಾಂ' ಅಂದಳು. ಕಾರ್ಡು ವಾಪಸು ಕೊಟ್ಟ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ನನ್ನ ಫೋನು ಒಮ್ಮೆ ಮಿಡಿದು ಆರೂ ಐದರಿಂದ ಐದೂ ಐವತ್ತಕ್ಕೆ ಹಿಂದೆ ಬಂತು. ಅವ್ವ ಅದನ್ನು ಓರೆಗಣ್ಣಿನಲ್ಲಿ ನೋಡಿದಳು. ಮಣಿಕಟ್ಟು ಎತ್ತಿ ತನ್ನ ವಾಚು ತೋರಿಸಿದಳು. ಐದೂ ಐವತ್ತು.

'ನಾ ಮುಂಜಾನೀನ ಹೇಳಿದ್ದೆ' ಅಂದು ಕೀಲಿ ಕೊಡತೊಡಗಿದಳು.